ಅಪ್ಪನ ಊರು, ಗುರುವಿನ ಗದ್ದುಗೆ

ಹೊಸಬನೊಬ್ಬನ ಗುರುತನ್ನು ಅವನ ಅಪ್ಪ, ಅಜ್ಜ, ಊರು ಮತ್ತು ಬೆಡಗು, ಅಂದರೆ ಒಬ್ಬನೇ ಮೂಲಪುರುಷನಿಂದ ಕವಲೊಡೆದುದೆಂದು ಹೇಳಿಕೊಳ್ಳುವ ಕುಲಶಾಖೆ, ಇವುಗಳಿಂದ ಹಿಡಿಯುವ ರೂಢಿ ತುಮಕೂರು ಸೀಮೆಯಲ್ಲೂ ಉಂಟು. ಆದರೆ ಇದೇ ಸೀಮೆ ಶತಮಾನಗಳಿಂದ ಗುರುಪರಂಪರೆಯೆಂಬ ಮತ್ತೊಂದು ವಂಶಾವಳಿಯನ್ನೂ ಕಾಪಾಡಿಕೊಂಡು ಬಂದಿದ್ದು, ಜನರ ನೆನಪಿನಲ್ಲಿ ಹೆಚ್ಚು ಗಟ್ಟಿಯಾಗಿ ನಿಂತಿರುವುದು ಈ ಎರಡನೆಯದೇ.

ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು ಚಾಮರಾಜನಗರದ ಬಳಿಯ ಹರದನಹಳ್ಳಿಯವರೆಂದು ಪರಂಪರೆ ಹೇಳುತ್ತದೆ. ಅವರ ತಂದೆತಾಯಿಯ ಹೆಸರು ಪುರಾಣ ಓದಿದವರಿಗಷ್ಟೇ ಗೊತ್ತು. ಗುರು ಗೋಸಲ ಚನ್ನಬಸವೇಶ್ವರರಾದರೋ ಗುಬ್ಬಿಯಲ್ಲಿ ಗದ್ದುಗೆಗೊಂಡು, ಅಂದರೆ ಸಮಾಧಿಸ್ಥರಾಗಿ ಪೂಜೆಗೊಳ್ಳುತ್ತ, ಇಂದಿಗೂ ‘ಗುಬ್ಬಿಯಪ್ಪ’ ಎನಿಸಿಕೊಂಡಿದ್ದಾರೆ. ಶಿಷ್ಯ ಸಿದ್ಧಲಿಂಗರು ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಎಡೆಯೂರಿನಲ್ಲಿ ಗದ್ದುಗೆಯಾದರು. ದೀಕ್ಷೆ ಪಡೆದವನು ಗುರುವಿನ ಕರದಲ್ಲಿ ಮರಳಿ ಹುಟ್ಟುತ್ತಾನೆ, ಅವನ ಹಿಂದಿನ ಬಾಳು ‘ಪೂರ್ವಾಶ್ರಮ’ವಾಗಿ ಕಳಚಿಹೋಗುತ್ತದೆ ಎಂಬ ವೀರಶೈವ ನಂಬಿಕೆಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಗುರುವಿನ ಪ್ರಭಾವ ಮಠದೊಳಗೇ ನಿಲ್ಲಲಿಲ್ಲವೆಂಬುದು ಇನ್ನೂ ಸೊಗಸಾದ ಸಂಗತಿ. 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದವರು ಕಟ್ಟಿದ ಗುಬ್ಬಿಯ ನಾಟಕ ಕಂಪನಿ ಚನ್ನಬಸವೇಶ್ವರರ ಹೆಸರನ್ನೇ ಹೊತ್ತಿತು. ಬಾಲಕನಾಗಿ ಅದನ್ನು ಸೇರಿ ಮುಂದೆ ಅದರ ಒಡೆಯರಾದ ಜಿ.ಎಚ್. ವೀರಣ್ಣನವರ ಇನಿಷಿಯಲ್‌ನಲ್ಲಿ ತಂದೆ ಹಂಪಣ್ಣನವರ ಅಕ್ಷರ ಇದ್ದರೂ ನಾಡು ಅದನ್ನು ಬಿಟ್ಟು ‘ಗುಬ್ಬಿ ವೀರಣ್ಣ’ ಎಂದಷ್ಟೇ ಕರೆಯಿತು. ಆದರೂ ರಕ್ತವನ್ನು ಪೂರ್ತಿ ಬದಿಗಿಡುವಂತಿಲ್ಲ, ಏಕೆಂದರೆ ಮೊಮ್ಮಗಳು ಬಿ. ಜಯಶ್ರೀ ರಂಗಭೂಮಿಯಲ್ಲಿಯೇ ಹೆಸರಾದರು. ಅವರ ಕಂಠ ಅಜ್ಜನಿಂದ ಬಂದದ್ದೋ ಸೈಡ್‌ವಿಂಗಿನಲ್ಲಿ ಬೆಳೆದದ್ದರಿಂದ ಬಂದದ್ದೋ ಎಂದು ಬೇರ್ಪಡಿಸುವುದು ಹಾಲುನೀರನ್ನು ಬೇರೆ ಮಾಡುವ ಹಂಸಕ್ಕೆ ಮಾತ್ರ ಸಾಧ್ಯವಾದೀತು.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಮಾಗಡಿ ತಾಲ್ಲೂಕಿನ ವೀರಾಪುರದ ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಯ ಕಿರಿಯ ಮಗ ಶಿವಣ್ಣ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, ಮಠದ ಉತ್ತರಾಧಿಕಾರಿಯಾಗಿದ್ದ ಗೆಳೆಯ ತೀರಿಕೊಂಡದ್ದರಿಂದ ಮಠಾಧಿಪತಿ ಉದ್ದಾನ ಶಿವಯೋಗಿಗಳ ಕಣ್ಣು ಅವರ ಮೇಲೆ ಬಿತ್ತು. 1930ರಲ್ಲಿ ದೀಕ್ಷೆಯಾಗಿ ಶಿವಣ್ಣ ಶಿವಕುಮಾರ ಸ್ವಾಮಿಗಳಾದರು, 1941ರಲ್ಲಿ ಮಠದ ಹೊಣೆ ಹೊತ್ತರು. ಒಂದು ಸಾವು ಮತ್ತು ಒಬ್ಬ ಗುರುವಿನ ಆಯ್ಕೆ ಇಲ್ಲದಿದ್ದರೆ ಅದೇ ರಕ್ತ, ಅದೇ ಮನೆತನ, ಅದೇ ಬುದ್ಧಿ ಯಾವುದೋ ಕಚೇರಿಯ ಮೇಜಿನ ಹಿಂದೆ ಕುಳಿತು ನಿವೃತ್ತವಾಗಿರುತ್ತಿತ್ತು ಎಂದು ಊಹಿಸುವುದು ತಪ್ಪಾಗಲಾರದು. ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ವಸತಿ ಕೊಟ್ಟ ಆ ಮಠದಲ್ಲಿ, ಹುಟ್ಟಿದ ಮನೆ ಯಾವುದೇ ಆಗಿರಲಿ, ಸಾಮೂಹಿಕ ಪ್ರಾರ್ಥನೆಯೂ ಸಾಲುಪಂಕ್ತಿಯ ಊಟವೂ ಮಕ್ಕಳನ್ನು ತಿದ್ದಿದವು. ಗುರು ಕಿವಿಯಲ್ಲಿ ಹೇಳುವ ಮಂತ್ರಕ್ಕಿಂತ ದಿನನಿತ್ಯದ ಈ ಅಭ್ಯಾಸವೇ ಹೆಚ್ಚು ಆಳಕ್ಕಿಳಿಯುತ್ತದೆಂದು ತೋರುತ್ತದೆ.

ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು, ಅಂದರೆ ಲಿಂಗದಲ್ಲಿ ಒಂದಾದರು. ಪೂರ್ವಾಶ್ರಮವನ್ನು ತೊರೆದವರನ್ನು ನಾಡು ಮತ್ತೆ ಹುಟ್ಟೂರಿಗೇ ಕರೆದೊಯ್ದಿತು: 111 ಅಡಿಯ ಅವರ ಪ್ರತಿಮೆಗೆ ಅದೇ ವರ್ಷ ವೀರಾಪುರದಲ್ಲಿ ಶಂಕುಸ್ಥಾಪನೆಯಾಯಿತು. ಅದನ್ನು ನೆರವೇರಿಸಿದವರು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ, ಅವರು ಹುಟ್ಟಿದ್ದು ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಾದರೂ, ತಂದೆತಾಯಿ ಹೆಸರಿಟ್ಟದ್ದು ಎಡೆಯೂರಿನ ಸಿದ್ಧಲಿಂಗೇಶ್ವರನನ್ನು ನೆನೆದು.