ಹುಳುಮನೆಯೂ ಏ.ಸಿ. ಕೋಣೆಯೂ

ಶಿವರಾತ್ರಿ ಕಳೆದು ಬಿಸಿಲೇರತೊಡಗಿತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಲ್ಲ ಒಬ್ಬರು ದೂರವಾಣಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: "ಸಾರ್, ಏ.ಸಿ. ಓಡುತ್ತಿದೆ, ಆದರೆ ಕೋಣೆ ತಣ್ಣಗಾಗುತ್ತಿಲ್ಲ. ಗ್ಯಾಸ್ ತುಂಬಿಸಬೇಕೇ?" ನಾನು ಯಂತ್ರ ದುರಸ್ತಿ ಮಾಡುವವನಲ್ಲ, ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು. ಆದರೆ ಮನೆಯಲ್ಲಿ ವಯಸ್ಸಾದ ತಾಯಿಯಿದ್ದಾಳೆ, ಆಕೆಯ ಕೋಣೆಯಲ್ಲಿ ಏ.ಸಿ. ಇದೆ, ಊರು ಸತ್ತೇಗಾಲ. ಇಷ್ಟಿದ್ದ ಮೇಲೆ ಆ ಯಂತ್ರದ ಸ್ವಭಾವವನ್ನು ಅರಿಯದೆ ವಿಧಿಯಿಲ್ಲ. ಅರಿತದ್ದನ್ನು ಒಂದೆಡೆ ಬರೆದಿಟ್ಟರೆ ನಿಮಗೂ ನಮ್ಮ ಬಂಧುಗಳಿಗೂ ಉಪಯೋಗವಾದೀತೆಂದು ಈ ಲೇಖನ.

ನಮ್ಮೂರಿನವರಿಗೆ ವಿದ್ಯುತ್ತಿನ ಕಥೆ ಹಿತ್ತಿಲಿನ ಕಥೆಯಿದ್ದಂತೆ. ದಿವಾನ್ ಶೇಷಾದ್ರಿ ಅಯ್ಯರರ ಆಡಳಿತದಲ್ಲಿ ಮೊಳೆತ ಯೋಜನೆಯು ಫಲಿಸಿ, 1902ರ ಜೂನ್ ತಿಂಗಳಿನಲ್ಲಿ ನಮ್ಮ ನೆರೆಯ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಕೊಳ್ಳೇಗಾಲ ತಾಲ್ಲೂಕಾದರೋ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ನಾವು ಮೈಸೂರು ರಾಜ್ಯದವರಾದದ್ದು 1956ರಲ್ಲಿ. ನಾನು ಬಾಲಕನಾಗಿದ್ದಾಗಲೂ ನಮ್ಮ ಮನೆಯಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆಯ ಬುಡ್ಡಿಯೇ. ಕಾವೇರಿ ಧುಮ್ಮಿಕ್ಕುವ ಸದ್ದು ನಮಗೆ, ಬೆಳಕು ಬೇರೆಯವರಿಗೆ ಎಂದು ಹಿರಿಯರು ನಗುತ್ತಿದ್ದರು.

ಅದೇ 1902ರ ಜುಲೈ ತಿಂಗಳಿನಲ್ಲಿ, ಅಮೆರಿಕದ ಬ್ರೂಕ್ಲಿನ್ ಪಟ್ಟಣದ ಮುದ್ರಣಾಲಯವೊಂದಕ್ಕಾಗಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರ್ ಇಂದಿನ ಹವಾನಿಯಂತ್ರಣ ವ್ಯವಸ್ಥೆಯ ಮೊದಲ ನಕ್ಷೆಯನ್ನು ಸಿದ್ಧಪಡಿಸಿದನು. ಬೇಸಗೆಯ ತೇವಕ್ಕೆ ಕಾಗದವು ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಅಲ್ಲಿ ತಾಳೆಯಾಗುತ್ತಿರಲಿಲ್ಲ. ಅಂದರೆ ಈ ಯಂತ್ರ ಹುಟ್ಟಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಕಾಗದದ ಕ್ಷೇಮಕ್ಕಾಗಿ!

ಇದನ್ನು ಓದಿದಾಗ ನನಗೆ ಆಶ್ಚರ್ಯವೆನಿಸಲಿಲ್ಲ. ನಮ್ಮ ಸೀಮೆಯಲ್ಲಿಯೂ ಮನುಷ್ಯರಿಗಿಂತ ಮೊದಲು ತಂಪು ದೊರೆತದ್ದು ರೇಷ್ಮೆಹುಳುವಿಗೆ. ಹುಳು ಸಾಕಿದವರಿಗೆಲ್ಲ ಗೊತ್ತು, ಸುಮಾರು 24ರಿಂದ 28 ಡಿಗ್ರಿಯ ನಡುವಿನ ಹವೆ ಹುಳುವಿಗೆ ಹಿತ. ಬಿಸಿಲು ಮೀರಿದರೆ ಸೊಪ್ಪು ಬಾಡುತ್ತದೆ, ಹುಳು ಮೇವು ಬಿಡುತ್ತದೆ, ಸಪ್ಪೆರೋಗ ತಗಲಿ ನಾಲ್ಕು ವಾರದ ದುಡಿಮೆ ನಾಲ್ಕು ದಿನದಲ್ಲಿ ಮಣ್ಣುಪಾಲಾಗುತ್ತದೆ. ಅದಕ್ಕೇ ಹುಳುಮನೆಯ ಕಿಟಕಿಗಳಿಗೆ ಗೋಣಿತಾಟು ಇಳಿಬಿಟ್ಟು, ಗಂಟೆಗೊಮ್ಮೆ ನೀರು ಚಿಮುಕಿಸುವುದು, ಮಾಡಿನ ಮೇಲೆ ತೆಂಗಿನ ಗರಿ ಹೊದಿಸುವುದು. ನನ್ನ ಅವ್ವ ನಲವತ್ತು ವರ್ಷ ಈ ಕೆಲಸ ಮಾಡಿದಳು. ಹುಳುಮನೆ ತಂಪಾಗಿರುತ್ತಿತ್ತು, ಅವಳು ಮಾತ್ರ ಒಲೆಯ ಮುಂದೆ ಬೆವರುತ್ತಿದ್ದಳು.

ಅವಳಿಗೆ ಎಂಬತ್ತೈದು ತುಂಬಿದ ವರ್ಷ ಹೃದಯದ ತೊಂದರೆ ಕಾಣಿಸಿಕೊಂಡಿತು. ಕಾಲು ಊದುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಾತ್ರೆಗಳನ್ನು ಬರೆದುಕೊಟ್ಟ ವೈದ್ಯರು, ಬೇಸಗೆಯಲ್ಲಿ ಕೋಣೆ ಕಾಯದಂತೆ ನೋಡಿಕೊಳ್ಳಿರೆಂದು ಒತ್ತಿ ಹೇಳಿದರು. ಬೆಂಗಳೂರಿನಲ್ಲಿರುವ ನನ್ನ ಮಗ ಒಂದೂವರೆ ಟನ್ನಿನ ಏ.ಸಿ. ಕಳುಹಿಸಿಕೊಟ್ಟನು. ಅವ್ವ ಅದನ್ನು ನೋಡಿ, "ಹುಳ್ಗಾದ್ರ ತಂಪು ಬೇಕು ಕನಪ್ಪ, ನನ್ಗ ಯಾಕ?" ಎಂದಳು. ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ ಸೂತ್ರವೊಂದಿತ್ತು: ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಯಬೇಕು. ನಾನು ಹೇಳಿದೆ: "ಅವ್ವ, ಇದೂ ಹುಳುಮನೆಯೇ. ಈ ಸಲ ನೀನೇ ಹುಳು." ಅವಳು ನಕ್ಕಳು, ಒಪ್ಪಿದಳು.

ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಏ.ಸಿ.ಯು ತಂಪನ್ನು ಉತ್ಪಾದಿಸುತ್ತದೆಂದು ಬಹುಮಂದಿ ತಿಳಿದಿದ್ದಾರೆ. ಅದು ಮಾಡುವುದು ಒಂದೇ ಕೆಲಸ: ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುವುದು. ಒಂದು ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಸಾಗಿಸುವ ಶಕ್ತಿ, ಸುಮಾರು ಮೂರೂವರೆ ಕಿಲೋವ್ಯಾಟ್. ಒಂದೂವರೆ ಟನ್ನಿನ ಯಂತ್ರ ಕೋಣೆಯಿಂದ ಐದು ಕಿಲೋವ್ಯಾಟಿಗೂ ಹೆಚ್ಚು ಶಾಖವನ್ನು ಎತ್ತುತ್ತದೆ; ಅದಕ್ಕೆ ತಾನು ಬಳಸಿದ ವಿದ್ಯುತ್ತಿನ ಶಾಖವೂ ಕೂಡುತ್ತದೆ. ಸ್ನಾನದ ನೀರು ಕಾಯಿಸುವ ಕಾಯಿಲ್‌ಗಳನ್ನು ಆರೇಳು ಒಟ್ಟಿಗೆ ಹಚ್ಚಿಟ್ಟಂತೆ ಹೊರಗಿನ ಪೆಟ್ಟಿಗೆಯು ಬಿಸಿಯನ್ನು ಉಗುಳುತ್ತಿರುತ್ತದೆ. ಆ ಬಿಸಿಗೆ ಹೋಗಲು ದಾರಿಯಿರಬೇಕು. ಏ.ಸಿ.ಯ ಆರೈಕೆಯೆಂದರೆ, ಒಂದೇ ಮಾತಿನಲ್ಲಿ, ಈ ದಾರಿಯನ್ನು ತೆರೆದಿಡುವುದು.

ಅದರ ಬೆಲೆ ನಮಗೆ ತಿಳಿದದ್ದು 2024ರ ಏಪ್ರಿಲ್ ಕೊನೆಯ ವಾರದಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಭರಚುಕ್ಕಿಯಲ್ಲಿ ಬಂಡೆಗಳೇ ಎದ್ದು ಕಾಣುತ್ತಿದ್ದವು. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲೇ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಅಂಥ ಒಂದು ಮಧ್ಯಾಹ್ನ ಮೂರರ ವೇಳೆಗೆ ಅವ್ವನ ಕೋಣೆಯ ಏ.ಸಿ. ನಿಂತುಹೋಯಿತು. ಮತ್ತೆ ಹಚ್ಚಿದರೆ ಹತ್ತು ನಿಮಿಷ ಓಡಿ ಮತ್ತೆ ನಿಲ್ಲುತ್ತಿತ್ತು. ತಾರಸಿಯ ಮನೆ, ಕಾದ ಚಪ್ಪಡಿಯ ಬಿಸಿ ಕೆಳಗಿಳಿಯತೊಡಗಿತು. ಅರ್ಧ ಗಂಟೆಯಲ್ಲಿ ಅವ್ವನ ಉಸಿರಾಟ ಮೇಲುಮೇಲಾಯಿತು. ಮಾತನಾಡಿಸಿದರೆ ತಡವಾಗಿ ಉತ್ತರಿಸುತ್ತಿದ್ದಳು.

ನನ್ನ ಹೆಂಡತಿ ಅಟ್ಟದಿಂದ ಹಳೆಯ ಗೋಣಿತಾಟು ಇಳಿಸಿ, ನೆನೆಸಿ, ಕಿಟಕಿಗೆ ಕಟ್ಟಿದಳು. ನಾವು ಎದುರಿನ ಬಾಗಿಲು ತೆರೆದು, ಅವ್ವನ ಕೈಕಾಲು, ಕುತ್ತಿಗೆಗಳನ್ನು ಒದ್ದೆಬಟ್ಟೆಯಿಂದ ಒರೆಸಿ, ಬೀಸುವ ಫ್ಯಾನನ್ನು ಹತ್ತಿರ ತಂದೆವು. ವೃದ್ಧರಲ್ಲಿ ಬೆವರು ಕಡಿಮೆ. ಒಣಚರ್ಮದ ಮೇಲೆ ಬಿಸಿಗಾಳಿ ಬೀಸಿದರೆ ಕಾವೇ ಹೊರತು ತಂಪಲ್ಲ, ಚರ್ಮ ಒದ್ದೆಯಾಗಿದ್ದರೆ ಮಾತ್ರ ನೀರು ಆವಿಯಾಗುತ್ತ ಶಾಖವನ್ನು ಒಯ್ಯುತ್ತದೆ. ವೈದ್ಯರಿಗೂ ಕರೆ ಮಾಡಿದೆವು. ಮೈ ಕಾದು, ಮಾತು ತಪ್ಪಿದರೆ ಕ್ಷಣವೂ ತಡೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆತರುವಂತೆ ತಿಳಿಸಿದರು. ಪುಣ್ಯಕ್ಕೆ ಅಲ್ಲಿಯವರೆಗೆ ಹೋಗಲಿಲ್ಲ. ನಲವತ್ತು ವರ್ಷ ಹುಳುವನ್ನು ಕಾಪಾಡಿದ ಗೋಣಿತಾಟು ಅಂದು ಸಂಜೆಯವರೆಗೆ ಅವಳನ್ನು ಕಾಪಾಡಿತು.

ಸಂಜೆ ಕೊಳ್ಳೇಗಾಲದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದನು. ಎಸ್.ಎಸ್.ಎಲ್.ಸಿ. ಮುಗಿಸಿ ಐ.ಟಿ.ಐ.ಯಲ್ಲಿ ಇದೇ ವಿದ್ಯೆ ಕಲಿತವನು. ಒಳಗಿನ ಪೆಟ್ಟಿಗೆಯನ್ನು ನೋಡಿ, "ಇದು ಚೊಕ್ಕಟವಾಗಿದೆ ಸಾರ್, ಮೇಲೆ ಹೋಗೋಣ" ಎಂದು ತಾರಸಿ ಹತ್ತಿದನು. ಯಂತ್ರವನ್ನು ಕೂರಿಸಿದ ಅಂಗಡಿಯವರು ಹೊರಪೆಟ್ಟಿಗೆಯನ್ನು ಪಡುವಣ ಮೂಲೆಯಲ್ಲಿ, ಕೈಪಿಡಿಗೋಡೆಗೆ ಗೇಣಿನಷ್ಟು ಎದುರಾಗಿ ಇರಿಸಿ, ಮೇಲೆ ತಗಡು ಹೊದಿಸಿದ್ದರು. ಫೆಬ್ರವರಿಯಲ್ಲಿ ಸರ್ವಿಸಿಗೆ ಬಂದ ಅವರ ಹುಡುಗ ಒಳಗಿನ ಜಾಲರಿಯನ್ನಷ್ಟೇ ತೊಳೆದು, ಎಲ್ಲ ಸರಿಯಾಗಿದೆಯೆಂದು ಕಾಗದಕ್ಕೆ ರುಜು ಪಡೆದು ಹೋಗಿದ್ದನು. ಹೊರಪೆಟ್ಟಿಗೆಯ ಬೆನ್ನಿನ ತೆಳುರೆಕ್ಕೆಗಳು ಧೂಳು, ಹೊಟ್ಟುಗಳಿಂದ ಕಂಬಳಿ ಹೊದ್ದಂತಿದ್ದವು. ಉಗುಳಿದ ಬಿಸಿಗಾಳಿಯು ಗೋಡೆಗೆ ಬಡಿದು, ತಗಡಿನಡಿ ಸುತ್ತಿ, ಮತ್ತೆ ಅದರ ಮೂಗಿಗೇ ಹೋಗುತ್ತಿತ್ತು. ಬಿಸಿ ಮಿತಿಮೀರಿದಾಗ ಯಂತ್ರವು ತನ್ನನ್ನು ಉಳಿಸಿಕೊಳ್ಳಲು ನಿಲ್ಲುತ್ತಿತ್ತು. "ಪಾಪ, ಅದಕ್ಕೂ ಉಸಿರು ಕಟ್ಟಿತ್ತು ಸಾರ್" ಎಂದನು.

ವಿದ್ಯುತ್ ಸಂಪರ್ಕ ಪೂರ್ತಿ ಕಡಿದು, ಕುಂಚದಿಂದ ಧೂಳು ಉದುರಿಸಿ, ರೆಕ್ಕೆಗಳು ಬಾಗದಂತೆ ಮೆಲ್ಲಗೆ ನೀರು ಹಾಯಿಸಿ ತೊಳೆದನು. ತಗಡನ್ನು ಕಿತ್ತನು. ಮರುದಿನ ಪೆಟ್ಟಿಗೆಯನ್ನು ಬಡಗಣ ಬದಿಗೆ, ಎದುರು ಬಯಲಿರುವಂತೆ ಕೂರಿಸಿದನು. ಗ್ಯಾಸ್ ವಿಚಾರ ಕೇಳಿದಾಗ ಅವನು ಹೇಳಿದ ಮಾತನ್ನು ನೀವೆಲ್ಲರೂ ನೆನಪಿಡಬೇಕು: ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ, ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕಿ ಬೆಸೆಯದೆ ವರ್ಷವರ್ಷ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊತ್ತಂತೆ. ಈಚಿನ ಯಂತ್ರಗಳಲ್ಲಿರುವ ಆರ್-32 ಗ್ಯಾಸು ಅಲ್ಪಪ್ರಮಾಣದಲ್ಲಿ ಉರಿಯುವ ಗುಣದ್ದು. ಕಲಿತವರೇ ಅದನ್ನು ಮುಟ್ಟಬೇಕು.

ಉಳಿದ ಪಾಠಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ಒಳಗಿನ ಜಾಲರಿಯನ್ನು ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಿರಿ. ಅದು ಕಟ್ಟಿಕೊಂಡರೆ ಗಾಳಿಯ ಹರಿವು ತಗ್ಗಿ, ಒಳಗಿನ ಸುರುಳಿಯ ಮೇಲೆ ಮಂಜುಗಡ್ಡೆ ಕೂರುತ್ತದೆ. ಮಂಜುಗಡ್ಡೆ ಹೆಚ್ಚು ತಂಪಿನ ಲಕ್ಷಣವಲ್ಲ, ರೋಗದ ಲಕ್ಷಣ. ನೀರು ಹೊರಹೋಗುವ ಕೊಳವೆಯಲ್ಲಿ ಪಾಚಿಯೋ ಕಡಜದ ಗೂಡೋ ಕಟ್ಟಿದರೆ ನೀರು ಗೋಡೆಗಿಳಿಯುತ್ತದೆ. ನೀರು ಸಲೀಸಾಗಿ ಬೀಳುತ್ತಿದೆಯೇ ಎಂದು ಆಗಾಗ ನೋಡಿರಿ. ಹಳ್ಳಿಯಲ್ಲಿ ಹಲ್ಲಿಯ ಕಾಟವೂ ಉಂಟು. ಹೊರಪೆಟ್ಟಿಗೆಯ ಸರ್ಕಿಟ್ ಹಲಗೆಯ ಮೇಲೆ ಒಂದು ಹಲ್ಲಿ ಸತ್ತರೆ ಸಾವಿರಾರು ರೂಪಾಯಿಯ ಹಾನಿ.

ಇನ್ನು ವೋಲ್ಟೇಜು. ಮನೆಗೆ ಬರಬೇಕಾದದ್ದು 230. ಸುತ್ತಲ ಪಂಪ್‌ಸೆಟ್ಟುಗಳು, ಫ್ಯಾನುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಅದು ಇಳಿದಾಗ ಹಳೆಯ ಮಾದರಿಯ ಕಂಪ್ರೆಸರ್ ತಿರುಗಲಾರದೆ ಹೆಚ್ಚು ಕರೆಂಟು ಎಳೆದು ಸುರುಳಿಯನ್ನು ಸುಟ್ಟುಕೊಳ್ಳುತ್ತದೆ. ಒಳ್ಳೆಯ ಸ್ಟೆಬಿಲೈಜರ್ ಇರಲಿ. ವಿದ್ಯುತ್ ಹೋಗಿ ಬಂದರೆ ಮೂರು ನಿಮಿಷ ತಾಳಿರಿ. ಕೊಳವೆಯೊಳಗಿನ ಒತ್ತಡ ಸಮವಾಗಲು ಅಷ್ಟು ವೇಳೆ ಬೇಕು. ಮನೆಯ ಸಾಮಾನ್ಯ ಯು.ಪಿ.ಎಸ್. ಏ.ಸಿ.ಯನ್ನು ಹೊರಲಾರದು. 150 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿರುವುದು ಎರಡು ಯೂನಿಟ್ಟಿಗೂ ಕಡಿಮೆ ವಿದ್ಯುತ್ತು. ಆದುದರಿಂದ ಕರೆಂಟು ಹೋದಾಗ ಬಾಗಿಲು ಮುಚ್ಚಿ, ಇರುವ ತಂಪನ್ನು ಉಳಿಸಿಕೊಳ್ಳುವುದೇ ಜಾಣತನ. ಏ.ಸಿ. ಓಡುವಾಗ ಕಿಟಕಿಗೆ ಒದ್ದೆ ಗೋಣಿಯಾಗಲಿ ನೀರಿನ ಕೂಲರಾಗಲಿ ಬೇಡ. ಆ ತೇವವನ್ನೆಲ್ಲ ಹಿಂಡುವ ಹೊರೆ ಯಂತ್ರದ ಮೇಲೆಯೇ ಬೀಳುತ್ತದೆ.

18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆಂಬುದು ಇನ್ನೊಂದು ಭ್ರಮೆ. ಹಾಗೆ ಇಟ್ಟರೆ ಯಂತ್ರ ಬಿಡುವಿಲ್ಲದೆ ಓಡುತ್ತದೆ, ಅಷ್ಟೇ. ಕೇಂದ್ರ ಸರಕಾರವು 2020ರ ಜನವರಿಯಿಂದ ಸ್ಟಾರ್ ಗುರುತಿನ ಏ.ಸಿ.ಗಳು ತಾವಾಗಿಯೇ 24 ಡಿಗ್ರಿಯಲ್ಲಿ ಆರಂಭವಾಗಬೇಕೆಂದು ನಿಯಮ ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆ. ನಾವು ಅವ್ವನ ಕೋಣೆಯನ್ನು 26ಕ್ಕೆ ಇಟ್ಟು ಫ್ಯಾನನ್ನು ಮೆಲ್ಲಗೆ ಹಾಕುತ್ತೇವೆ. ತಾರಸಿಗೆ ಯುಗಾದಿಗೆ ಮುನ್ನ ಎರಡು ಬಾರಿ ಸುಣ್ಣ ಬಳಿಸುತ್ತೇವೆ. ಬಿಳಿಬಣ್ಣ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಪಡುವಣ ಕಿಟಕಿಗೆ ಹೊರಗಿನಿಂದ ಚಾಪೆ ಕಟ್ಟಿದ್ದೇವೆ. ಒಳಗೆ ಬಾರದ ಬಿಸಿಯನ್ನು ಹೊರಗೆ ಹೊರಬೇಕಾಗಿಲ್ಲವಷ್ಟೆ.

ಈಗ ಜಾಲರಿ ತೊಳೆಯುವ ದಿನವನ್ನು ನೆನಪಿಸುವವಳು ಅವ್ವನೇ. ಅಮಾವಾಸ್ಯೆ, ಹುಣ್ಣಿಮೆಗಳ ಲೆಕ್ಕ ಅವಳದು. "ಹಿಕ್ಕ ತಗೀದಿದ್ರ ಹುಳ ಉಳ್ದಾದ?" ಎಂದು ಕೇಳುತ್ತಾಳೆ. ಸೊಪ್ಪು ಹಾಕಿದರಷ್ಟೇ ಸಾಲದು, ತಟ್ಟೆಯ ಕಸವನ್ನು ಹೊತ್ತಿಗೆ ಸರಿಯಾಗಿ ತೆಗೆಯಬೇಕು, ಗಾಳಿಯ ದಾರಿ ಬಿಡಬೇಕು ಎಂಬುದು ಹುಳುಮನೆಯ ಮೊದಲ ಪಾಠ. ತಂಪನ್ನು ಅಂಗಡಿಯಿಂದ ಒಮ್ಮೆಗೇ ಕೊಂಡುತರಲಾಗದು. ಅದನ್ನು ದಿನದಿನವೂ ಸಾಕಬೇಕು.

ನಿಮ್ಮಲ್ಲಿ ಹಲವರು ಬೆಂಗಳೂರು, ಮೈಸೂರುಗಳಲ್ಲಿದ್ದೀರಿ, ಕೆಲವರು ಕಡಲಾಚೆ ಇದ್ದೀರಿ. ಊರಿನಲ್ಲಿ ವಯಸ್ಸಾದ ತಂದೆತಾಯಿಯರಿಗೆಂದು ಏ.ಸಿ. ಕೊಡಿಸಿ ನೆಮ್ಮದಿಯಿಂದಿದ್ದೀರಿ. ಕೊಡಿಸಿದ್ದು ಒಳ್ಳೆಯದೇ. ಆದರೆ ಮಾಘಮಾಸದಲ್ಲೇ ಒಮ್ಮೆ ಬಂದು, ಅಥವಾ ನಂಬುಗೆಯ ಒಬ್ಬರನ್ನು ಕಳುಹಿಸಿ, ಒಳಗಿನ ಪೆಟ್ಟಿಗೆಯ ಜತೆಗೆ ತಾರಸಿಯ ಮೇಲಿರುವುದನ್ನೂ ನೋಡಿಸಿರಿ. ಹಿರಿಯರು ತಮಗೆ ಸೆಖೆಯಾಗುತ್ತಿದೆಯೆಂದು ಬಾಯಿಬಿಟ್ಟು ಹೇಳುವವರಲ್ಲ. ಹುಳುವಿಗೆ ತಂಪು ಕೊಟ್ಟು ತಾವು ಬೆವರಿದ ಪೀಳಿಗೆ ಅದು. ಅವರ ಪರವಾಗಿ ನಾವೇ ಕೇಳಿ ತಿಳಿಯಬೇಕು.