ಹುಳುಮನೆ, ಸುಣ್ಣದ ಗೆರೆ ಮತ್ತು ರೆವಿಟ್

ಏನು ಕೆಲಸ ಮಾಡ್ತೀಯಾ ಅಂತ ಊರಲ್ಲಿ ಯಾರಾದರೂ ಕೇಳಿದರೆ ಉತ್ತರ ಕೊಡೋದು ನನಗೆ ಸ್ವಲ್ಪ ಕಷ್ಟ. "ಬಿಮ್" ಅಂದರೆ, "ಓ ಬೀಮು ಹಾಕೋದಾ? ಸೆಂಟ್ರಿಂಗ್ ಕೆಲಸ ಅನ್ನು" ಅಂತಾರೆ. ನಾನೂ ಹೂಂ ಅಂದು ಸುಮ್ಮನಾಗುತ್ತೇನೆ :-)

ಬ್ಲಾಗಿನ ಗೆಳೆಯರಿಗೆ ಹಾಗೆ ಹೇಳಿ ತಪ್ಪಿಸಿಕೊಳ್ಳೋಕೆ ಆಗಲ್ಲವಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಬಿಮ್ ಅಂದರೆ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್. ಕಟ್ಟಡವನ್ನು ನೆಲದ ಮೇಲೆ ಕಟ್ಟುವ ಮೊದಲು ಕಂಪ್ಯೂಟರಿನೊಳಗೆ ಒಮ್ಮೆ ಕಟ್ಟಿ ನೋಡುವುದು. ಆಟೋಕ್ಯಾಡಿನಲ್ಲಿ ಗೋಡೆ ಎಂದರೆ ಎರಡು ಗೆರೆ, ಅಷ್ಟೆ. ರೆವಿಟ್, ಆರ್ಕಿಕ್ಯಾಡ್‌ನಂಥ ತಂತ್ರಾಂಶಗಳಲ್ಲಿ ಗೋಡೆ ಗೋಡೆಯೇ. ತನ್ನ ದಪ್ಪ ಎಷ್ಟು, ಎತ್ತರ ಎಷ್ಟು, ಯಾವುದರಿಂದ ಕಟ್ಟಿದ್ದು, ತನ್ನೊಳಗೆ ಎಷ್ಟು ಕಿಟಕಿ ಕೂತಿವೆ ಎಲ್ಲವೂ ಅದಕ್ಕೆ ಗೊತ್ತು. ಕಿಟಕಿ ಒಂದು ಅಡಿ ಸರಿಸಿದರೆ ಪ್ಲಾನ್, ಎಲಿವೇಶನ್, ಸೆಕ್ಷನ್ ಮೂರರಲ್ಲೂ ತಾನೇ ಸರಿಯುತ್ತದೆ.

ಈ ಯೋಚನೆ ಹಳೆಯದು. ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಅನ್ನುವವರು 1975ರಲ್ಲೇ ಇದನ್ನು ಬರೆದಿದ್ದರು. ಬದಲಾವಣೆಯನ್ನು ಒಂದು ಸಲ ಮಾಡಿದರೆ ಸಾಕು, ಎಲ್ಲ ನಕ್ಷೆಗಳೂ ಅದರಂತೆ ತಿದ್ದಿಕೊಳ್ಳಬೇಕು ಅನ್ನೋದು ಅವರ ವಾದದ ತಿರುಳು. ಅದು ನಮ್ಮಂಥವರ ಮೇಜಿಗೆ ಬರೋಕೆ ಕಾಲು ಶತಮಾನ ಬೇಕಾಯಿತು. ರೆವಿಟ್‌ನ ಮೊದಲ ಆವೃತ್ತಿ ಬಂದದ್ದು 2000ದಲ್ಲಿ, ಆಟೋಡೆಸ್ಕ್ ಅದನ್ನು ಕೊಂಡದ್ದು 2002ರಲ್ಲಿ.

ಹಾಗಾದರೆ ನಮ್ಮ ಕೆಲಸ ಬೇಗ ಮುಗಿಯಬೇಕಲ್ಲವಾ? ಇಲ್ಲ! ಬೆಂಗಳೂರಿನ ಆಫೀಸಿನಲ್ಲಿ ರಾತ್ರಿ ಹತ್ತಕ್ಕೂ ನಮ್ಮ ಸಾಲಿನ ದೀಪ ಉರಿಯುತ್ತಿರುತ್ತದೆ. ಫೈಲು ತೆರೆಯೋಕೇ ಕಾಫಿ ಕುಡಿದು ಬರುವಷ್ಟು ಹೊತ್ತು. ಕ್ಲ್ಯಾಶ್ ರಿಪೋರ್ಟ್ ತೆಗೆದರೆ ಸಾವಿರಾರು ಸಾಲು. ನೋಡಿದರೆ ಒಂದೇ ಪೈಪು ಒಂದೇ ಕಡೆ ತಪ್ಪಿ ಹೋಗಿ ನಲವತ್ತು ಕ್ಲಾಂಪಿಗೆ ತಾಗಿರುತ್ತದೆ, ಅದು ನಲವತ್ತು ಕ್ಲ್ಯಾಶ್ ಅಂತ ಲೆಕ್ಕ. ಹೊಸ ಹುಡುಗರು ಬಂದವರೇ ಶಾರ್ಟ್‌ಕಟ್ ಕೀಗಳ ಪಟ್ಟಿ ಕೇಳುತ್ತಾರೆ. ಮ್ಯಾನೇಜರು ರ‍್ಯಾಮ್ ಹೆಚ್ಚಿಸೋಣ ಅನ್ನುತ್ತಾರೆ. ಎರಡೂ ಬೇಕು, ಬೇಡ ಅನ್ನಲ್ಲ. ಆದರೆ ಹೊತ್ತು ಹೋಗೋದು ಅಲ್ಲಲ್ಲ ಅನ್ನೋದು ನನಗೆ ಸ್ಪಷ್ಟವಾದದ್ದು ಆಫೀಸಿನಲ್ಲಲ್ಲ, ಕೈಲಾಂಚದಲ್ಲಿ.

ರಾಮನಗರ ಅಂದರೆ ಹೊರಗಿನವರಿಗೆ 1975ರ ಶೋಲೆ ನೆನಪಾಗುತ್ತದೆ, ನಮಗೆ ರೇಷ್ಮೆಗೂಡಿನ ಮಾರುಕಟ್ಟೆ. ಆ ತಾಲ್ಲೂಕಿನ ಕೈಲಾಂಚದಲ್ಲಿ ನಮ್ಮ ಚಿಕ್ಕಪ್ಪನದು ಹಿಪ್ಪುನೇರಳೆ ತೋಟ. ಇಷ್ಟು ವರ್ಷ ಹುಳು ಮೇಯಿಸಿದ್ದೆಲ್ಲ ವಾಸದ ಮನೆಯೊಳಗೇ. ಹುಳು ನಡುಮನೆಯಲ್ಲಿ, ಮನೆಯವರು ಜಗಲಿಯಲ್ಲಿ. ಚಿಕ್ಕಮ್ಮನಿಗೆ ಮಂಡಿ ನೋವು ಶುರುವಾದ ಮೇಲೆ ಚಿಕ್ಕಪ್ಪ ಗಟ್ಟಿ ಮನಸ್ಸು ಮಾಡಿ, ಒಡವೆ ಅಡವಿಟ್ಟು, ಬೇರೆ ಹುಳುಮನೆ ಕಟ್ಟಿಸಲು ಹೊರಟರು. ಇಪ್ಪತ್ತು ಅಡಿ ಅಗಲ, ಐವತ್ತು ಅಡಿ ಉದ್ದ. ಚಾಕಿ ಕೇಂದ್ರಕ್ಕೆ ಮುಂದಿನ ಬೆಳೆಯ ಹುಳುವಿಗೆ ಹೇಳಿಯೂ ಆಗಿತ್ತು. ಎರಡನೇ ಜ್ವರ ದಾಟಿದ ಹುಳು ಬಂದಿಳಿಯುವ ಹೊತ್ತಿಗೆ ಮನೆ ಮುಗಿದು, ಸುಣ್ಣ, ಬ್ಲೀಚಿಂಗ್ ಪುಡಿ ಹೊಡೆದು ಸಿದ್ಧವಾಗಿರಬೇಕು. ಇಲ್ಲದಿದ್ದರೆ ಹೊಲದಲ್ಲಿ ಸೊಪ್ಪು ಬಲಿತು ಹೋಗುತ್ತದೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ.

"ನೀನು ಕಂಪ್ಯೂಟರಲ್ಲಿ ಮನೆ ಕಟ್ತೀಯಂತಲ್ಲಾ ಮಗ, ನಮ್ದೂ ಒಂದು ಕಟ್ಟು ನೋಡಾನ" ಅಂದರು ಚಿಕ್ಕಪ್ಪ.

ಲ್ಯಾಪ್‌ಟಾಪ್ ತೆರೆಯುವ ಮೊದಲು ಒಂದು ಭಾನುವಾರ ಪೂರ್ತಿ ಬರೀ ಪ್ರಶ್ನೆ ಕೇಳಿದೆ. ಇವರು ಮಾಡೋದು ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ. ಅದರ ಸ್ಟ್ಯಾಂಡಿನ ಅಗಲ ಐದಡಿ. ಎರಡೂ ಕಡೆಯಿಂದ ಕೈ ಎಟುಕಬೇಕು, ಅದಕ್ಕೇ ಐದು. ದೊಡ್ಡ ಹುಳುವಿಗೆ ಸುಮಾರು 24ರಿಂದ 25 ಡಿಗ್ರಿ ತಂಪು, 70ರಷ್ಟು ತೇವ ಇರಬೇಕು. ಮನೆಯ ಉದ್ದ ಪೂರ್ವ-ಪಶ್ಚಿಮಕ್ಕೆ ಇದ್ದರೆ ಬಿಸಿಲು ಬೀಳುವ ಗೋಡೆ ಚಿಕ್ಕದಾಗುತ್ತದೆ. ಕಿಟಕಿಗೆಲ್ಲ ಜಾಲರಿ ಬೇಕೇ ಬೇಕು, ಊಜಿ ನೊಣ ಬಂದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಇವತ್ತಿಗೂ ರೈತರನ್ನು ಬಿಟ್ಟಿಲ್ಲ. ಬಾಗಿಲ ಮುಂದೆ ಒಂದು ಪುಟ್ಟ ಕೋಣೆ ಇದ್ದು ಎರಡು ಬಾಗಿಲು ದಾಟಿ ಒಳಹೋಗಬೇಕು ಅನ್ನೋದೂ ಅದಕ್ಕೇ.

ಇದೆಲ್ಲ ಬರೆದುಕೊಂಡ ಮೇಲೆ ಲೆಕ್ಕ ತಾನೇ ಬಿತ್ತು. ಆರಿಂಚಿನ ಸಿಮೆಂಟ್ ಬ್ಲಾಕಿನ ಗೋಡೆ, ಒಳಗೆ ಉಳಿಯೋದು ಹತ್ತೊಂಬತ್ತು ಅಡಿ. ಐದಡಿಯ ಎರಡು ಸ್ಟ್ಯಾಂಡು, ಮೂರಡಿಯ ಮೂರು ಓಣಿ. ಸರಿಯಾಗಿ ಹತ್ತೊಂಬತ್ತು! ಕಂಬದ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಗೆಳೆಯ ಮಾಡಿಕೊಟ್ಟ. ಹತ್ತಡಿಗೊಂದರಂತೆ ಕಡೆಗೆ ಆರು ಕಂಬ, ಗೋಡೆಯಿಂದ ಆರಿಂಚು ಒಳಕ್ಕೆ ಚಾಚಿದವು. ಮಾಡೆಲ್ ಮಾಡಿ ಕ್ಲ್ಯಾಶ್ ಪರೀಕ್ಷೆ ಓಡಿಸಿದೆ. ಕಂಬಕ್ಕೂ ಸ್ಟ್ಯಾಂಡಿಗೂ ಎರಡೂವರೆ ಅಡಿ ಅಂತರ. ಸೊನ್ನೆ ಕ್ಲ್ಯಾಶ್. ತಂತ್ರಾಂಶದ ಪ್ರಕಾರ ಎಲ್ಲವೂ ಸರಿ.

ಚಿಕ್ಕಪ್ಪನಿಗೆ ಪರದೆಯ ಮೇಲೆ ತಿರುಗಿಸಿ ತಿರುಗಿಸಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗದೆ ಕಣ್ಲಾ. ಆದ್ರೆ ಈ ಪೆಟ್ಟಿಗೇಲಿ ನಂಗೇನೂ ಗೊತ್ತಾಗಾಕಿಲ್ಲ. ನೆಲದ ಮೇಲೆ ತೋರ್ಸು" ಅಂದರು.

ಕಣದಲ್ಲಿ ಹಗ್ಗ ಕಟ್ಟಿ, ಸುಣ್ಣದ ಪುಡಿ ಹಿಡಿದು ಇಡೀ ಮನೆಯನ್ನು ನಿಜವಾದ ಅಳತೆಯಲ್ಲಿ ಎಳೆದೆವು. ಸ್ಟ್ಯಾಂಡಿಗೆ ಎರಡು ಉದ್ದ ಪಟ್ಟಿ, ಕಂಬ ಬರುವ ಕಡೆ ಒಂದೊಂದು ಬ್ಲಾಕು. ಚಿಕ್ಕಮ್ಮ ಕೊಟ್ಟಿಗೆಯಿಂದ ಒಂದು ಹೊರೆ ಸೊಪ್ಪು ತೆಕ್ಕೆಯಲ್ಲಿ ಹಿಡಿದು ಬಂದವರು ಸೀದಾ ಗೋಡೆ ಪಕ್ಕದ ಓಣಿಗೆ ಇಳಿದರು. ಎರಡನೇ ಬ್ಲಾಕಿನ ಹತ್ತಿರ ನಿಂತುಬಿಟ್ಟರು.

"ಇಲ್ಲಿ ಕಂಬ ಇದ್ರೆ ನಾನು ಅಡ್ಡಡ್ಡ ತಿರೀಕ್ಕಂಡು ಹೋಗ್ಬೇಕಲ್ಲಪ್ಪಾ. ರೆಂಬೆ ತಗಲಿ ಹುಳು ಕೆಳೀಕೆ ಬೀಳ್ತವೆ."

ಇದು ನನಗೆ ಬಹಳ ದೊಡ್ಡ ಮಾತು ಅನ್ನಿಸಿತು. ರೇಷ್ಮೆಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ ಎದ್ದ ಮೇಲೆ, ಕಡೆಯ ಏಳೆಂಟು ದಿನದಲ್ಲಿ ತಿನ್ನುತ್ತದೆ. ಆ ದಿನಗಳಲ್ಲಿ ಚಿಕ್ಕಮ್ಮ ಆ ಓಣಿಯಲ್ಲಿ ಎಷ್ಟು ಸಲ ಓಡಾಡಬೇಕು, ನೀವೇ ಯೋಚಿಸಿ. ಮಾಡೆಲಿನಲ್ಲಿ ಕಂಬ ಇತ್ತು, ಸ್ಟ್ಯಾಂಡು ಇತ್ತು. ಸೊಪ್ಪಿನ ಹೊರೆ ಹಿಡಿದ ಚಿಕ್ಕಮ್ಮ ಇರಲಿಲ್ಲ. ಮಾಡೆಲಿನಲ್ಲಿ ಇಲ್ಲದ್ದಕ್ಕೆ ಕ್ಲ್ಯಾಶ್ ಹುಡುಕು ಅಂದರೆ ತಂತ್ರಾಂಶ ಎಲ್ಲಿಂದ ಹುಡುಕೀತು?

ಇದಕ್ಕೂ ದಾರಿ ಇದೆ. ಮನುಷ್ಯ ಓಡಾಡುವ ಜಾಗವನ್ನೇ ಒಂದು ಖಾಲಿ ಡಬ್ಬಿಯಂತೆ ಮಾಡೆಲಿನಲ್ಲಿ ಇಡಬಹುದು. ಆ ಡಬ್ಬಿಗೆ ಏನು ತಾಗಿದರೂ ಕ್ಲ್ಯಾಶ್ ಅಂತ ತೋರಿಸುತ್ತದೆ. ಮೂರಡಿ ಅಗಲದ ಡಬ್ಬಿ ಇಟ್ಟು ಮತ್ತೆ ಓಡಿಸಿದೆ. ಎರಡೂ ಬದಿಯ ಕಂಬಗಳು ಸಾಲಾಗಿ ಕೆಂಪಾದವು. ಗೆಳೆಯನಿಗೆ ಫೋನ್ ಮಾಡಿ, ಅವನು ಮತ್ತೆ ಲೆಕ್ಕ ನೋಡಿ, ಕಂಬಗಳನ್ನು ಹೊರಕ್ಕೆ ಚಾಚಿದಂತೆ ಬದಲಿಸಿದೆವು. ಒಳಗೋಡೆ ನುಣ್ಣಗೆ ಸಪಾಟಾಯಿತು, ತೊಳೆಯೋಕೂ ಸುಲಭ. ಗಾಳಿ ಸಾಲದು ಅಂತ ಚಿಕ್ಕಪ್ಪ ಅಂದದ್ದಕ್ಕೆ ಕಿಟಕಿಯ ಅಗಲವನ್ನೂ ಮೂರಡಿಯಿಂದ ನಾಲ್ಕಡಿ ಮಾಡಿದೆವು. ಎತ್ತರ ನಾಲ್ಕಡಿಯೇ. ಹತ್ತೂ ಕಿಟಕಿ ಒಂದೇ ಜಾತಿಯವಾದ್ದರಿಂದ ಒಂದು ಕಡೆ ಅಂಕಿ ಬದಲಿಸಿದರೆ ಹತ್ತೂ ಬದಲಾದವು. ಪಟ್ಟಿಯಲ್ಲಿ ಜಾಲರಿ 40 ಚದರಡಿ ಹೆಚ್ಚಾಯಿತು, 16 ಇಂಚು-8 ಇಂಚಿನ ಬ್ಲಾಕು 45 ಕಡಿಮೆಯಾಯಿತು. ಆಟೋಕ್ಯಾಡ್ ಕಾಲದಲ್ಲಾಗಿದ್ದರೆ ನಾಲ್ಕು ಹಾಳೆ ತಿದ್ದಿ, ಐದನೆಯದರಲ್ಲಿ ಮರೆತು, ಅದೇ ಹಾಳೆ ಮೇಸ್ತ್ರಿ ಕೈಗೆ ಹೋಗುತ್ತಿತ್ತು.

ಇಷ್ಟಕ್ಕೆ ಹಿಡಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಬೆಲೆ ಬಂದದ್ದು ಅದು ಪಾಯ ತೆಗೆಯುವ ಮೊದಲು ಆಯಿತು ಅನ್ನೋದರಿಂದ. ಅಮೆರಿಕದ ವಾಸ್ತುಶಿಲ್ಪಿ ಪ್ಯಾಟ್ರಿಕ್ ಮೆಕ್‌ಲೀಮಿ ಹೆಸರಿನಲ್ಲಿ ಒಂದು ಪ್ರಸಿದ್ಧ ನಕ್ಷೆ ಇದೆ. ಕೆಲಸ ಮುಂದುವರಿದಂತೆ ಬದಲಾವಣೆಯ ಖರ್ಚು ಏರುತ್ತಾ ಹೋಗುತ್ತದೆ, ಅದಕ್ಕೇ ಶ್ರಮವನ್ನೆಲ್ಲ ಮೊದಲಿಗೇ ಹಾಕಿ ಅನ್ನೋದು ಅದರ ಸಾರ. ನಮ್ಮಲ್ಲಿ ಸುಣ್ಣದ ಗೆರೆ ಅಳಿಸೋಕೆ ಕಾಲು ಸಾಕು, ಕಾಂಕ್ರೀಟ್ ಕಂಬ ಅಳಿಸೋಕೆ ಡ್ರಿಲ್ಲಿಂಗ್ ಮಿಷನ್ ಬೇಕು!

ಇನ್ನೊಂದು ವಿಷಯ, ಏನನ್ನು ಮಾಡೆಲ್ ಮಾಡಲಿಲ್ಲ ಅನ್ನೋದು. ಸ್ಟ್ಯಾಂಡಿನ ನಟ್ಟು ಬೋಲ್ಟು ಇಲ್ಲ, ಬಾಗಿಲ ಚಿಲಕ ಇಲ್ಲ, ಚಂದ್ರಿಕೆ ಇಲ್ಲ. ಸ್ಟ್ಯಾಂಡು ಅಂದರೆ ಅಳತೆ ಸರಿಯಿರುವ ಒಂದು ಪೆಟ್ಟಿಗೆ. ಯಾವ ಹಂತಕ್ಕೆ ಎಷ್ಟು ವಿವರ ಬೇಕು ಅನ್ನೋದಕ್ಕೆ ಎಲ್‌ಒಡಿ ಎಂಬ ಅಳತೆಗೋಲೇ ಇದೆ, ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 2008ರಲ್ಲಿ ಅದನ್ನು 100ರಿಂದ 500ರವರೆಗೆ ದರ್ಜೆ ಮಾಡಿತು. ಆದರೂ ಆಫೀಸುಗಳಲ್ಲಿ ಯಾವುದೋ ಕಂಪನಿಯ ಕುರ್ಚಿಯನ್ನು ಸ್ಕ್ರೂ ಸಮೇತ ಇಳಿಸಿಕೊಂಡು ಮುನ್ನೂರು ಕಡೆ ಇಡುತ್ತಾರೆ, ಆಮೇಲೆ ಫೈಲು ತೆವಳುತ್ತದೆ ಅನ್ನುತ್ತಾರೆ. ಈ ವಿವರದಿಂದ ಯಾರು ಯಾವ ನಿರ್ಧಾರ ತೆಗೆದುಕೊಳ್ಳುತ್ತಾರೆ ಅಂತ ಕೇಳಿಕೊಂಡರೆ ಅರ್ಧ ಭಾರ ತಾನೇ ಇಳಿಯುತ್ತದೆ.

ಕೆಲಸ ಶುರುವಾಯಿತು. ಮೂರನೇ ದಿನ ಮೇಸ್ತ್ರಿ ಫೋನು. "ಸಾರ್, ಪೂರ್ವದ ಮೂಲೇಲಿ ಬಂಡೆ ಸಿಕ್ಕದೆ, ಮುಂದಿನ ಕೋಣೆಗೆ ಪಾಯ ಇಳಿಯಾಕಿಲ್ಲ." ರಾಮನಗರದ ಸೀಮೆಯಲ್ಲಿ ಬಂಡೆ ಸಿಗದಿದ್ದರೆ ಆಶ್ಚರ್ಯ ಪಡಬೇಕು ಬಿಡಿ. ಪುಟ್ಟ ಕೋಣೆಯನ್ನು ಪಶ್ಚಿಮದ ಕಡೆಗೆ ಹಾಕೋದು ಅಂತಾಯಿತು. ಮೇಸ್ತ್ರಿ ಅಲ್ಲೇ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಂಡು ಮುಂದುವರಿಯಲು ತಯಾರು. ಚಿಕ್ಕಪ್ಪ ಬಿಡಲಿಲ್ಲ. "ಮೊದಲು ಕಂಪ್ಯೂಟರಲ್ಲಿ ಬದಲಾಗ್ಲಿ. ಹಳೇ ಹಾಳೆ ಕೊಟ್ರೆ ಹೊಸ ಹಾಳೆ" ಅಂದರು. ರಾತ್ರಿಯೇ ಮಾಡೆಲ್ ತಿದ್ದಿ, ಕನ್ನಡದಲ್ಲೇ ಟಿಪ್ಪಣಿ ಹಾಕಿ, ಮೇಲೆ "ಆವೃತ್ತಿ 2" ಅಂತ ದೊಡ್ಡದಾಗಿ ಬರೆದು ಕಳಿಸಿದೆ. ರಾಮನಗರದಲ್ಲಿ ಪ್ರಿಂಟ್ ತೆಗೆಸಿ ತಂದು, ಹಳೆಯದನ್ನು ಚಿಕ್ಕಪ್ಪ ಒಲೆಗೆ ಹಾಕಿದರು. ಐಎಸ್‌ಒ 19650 ಅಂತ 2018ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಇದೆ, ಮಾಹಿತಿಗೆ ಎಲ್ಲರೂ ಒಪ್ಪಿದ ಒಂದೇ ಜಾಗ ಇರಬೇಕು, ಯಾವ ಆವೃತ್ತಿ ಚಾಲ್ತಿಯಲ್ಲಿದೆ ಅನ್ನೋದು ಗೊತ್ತಿರಬೇಕು ಅನ್ನುತ್ತದೆ. ನಮ್ಮ ಚಿಕ್ಕಪ್ಪ ಅದನ್ನು ಓದಿಲ್ಲ. ಒಲೆಯಿಂದಲೇ ಪಾಲಿಸಿದರು :-)

ಮನೆ ಮುಗಿದು, ಸುಣ್ಣ ಒಣಗಿ, ಹೇಳಿದ ದಿನಕ್ಕೆ ಚಾಕಿ ಹುಳು ಬಂತು. ಬೆಳೆ ಹೇಗೆ ಬರುತ್ತೆ ಅನ್ನೋದು ಸೊಪ್ಪು, ಹವೆ, ರೋಗ ಎಲ್ಲದರ ಕೈಯಲ್ಲಿದೆ, ಅದನ್ನು ರೆವಿಟ್ ಹೇಳಲ್ಲ. ಆದರೆ ಈಗ ಮನೆಯವರು ಮನೆಯೊಳಗೆ ಮಲಗುತ್ತಾರೆ, ಚಿಕ್ಕಮ್ಮ ಓಣಿಯಲ್ಲಿ ನೇರವಾಗಿ ನಡೆಯುತ್ತಾರೆ.

ಆಫೀಸಿನಲ್ಲಿ ಈಗ ಹೊಸ ಪ್ರಾಜೆಕ್ಟ್ ಬಂದರೆ ನಮ್ಮ ತಂಡ ಮೊದಲ ಎರಡು ದಿನ ಏನನ್ನೂ ಎಳೆಯೋದಿಲ್ಲ. ಈ ಕಟ್ಟಡದಲ್ಲಿ ಯಾರು ಏನನ್ನು ಹೊತ್ತು ಎಲ್ಲಿ ಓಡಾಡುತ್ತಾರೆ, ಈ ಮಾಡೆಲಿನಿಂದ ಯಾರಿಗೆ ಯಾವ ಪಟ್ಟಿ ಬೇಕು, ಬದಲಾವಣೆ ಬಂದರೆ ಮೊದಲು ತಿದ್ದುವವರು ಯಾರು ಅಂತ ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳುತ್ತೇವೆ. ಮೊನ್ನೆ ಒಂದು ಆಸ್ಪತ್ರೆಯ ಮಾಡೆಲಿನಲ್ಲಿ ಸ್ಟ್ರೆಚರ್ ತಿರುಗುವ ಜಾಗಕ್ಕೆ ಖಾಲಿ ಡಬ್ಬಿ ಇಟ್ಟೆವು. ಆ ಫ್ಯಾಮಿಲಿಗೆ ಏನು ಹೆಸರಿಡೋಣ ಸಾರ್ ಅಂತ ಹುಡುಗ ಕೇಳಿದ. "ಚಿಕ್ಕಮ್ಮ" ಅಂತ ಇಡು ಅಂದೆ. ಹಾಗೇ ಸೇವ್ ಆಗಿದೆ.