ಸ್ಥೂಲಬಾಹುವಿನ ಮೇಲಿನ ಆಪಾದನೆ

ನಮ್ಮ ಜನರಲ್ಲಿ ಪೈಲ್ವಾನರ ವಿಷಯವಾಗಿ ಇರುವ ಗೌರವದ ಬೆನ್ನಿಗೇ ಒಂದು ಬಗೆಯ ಅನುಮಾನವೂ ಅಂಟಿಕೊಂಡು ಬಂದಿದೆ. ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿ, ದಂಡ ಬಸ್ಕಿಗಳಿಂದ ಎದೆ ತೊಡೆಗಳನ್ನು ಬೆಳೆಸಿಕೊಂಡ ಯುವಕನೊಬ್ಬನು ಬೀದಿಯಲ್ಲಿ ನಡೆದುಬಂದರೆ ಜಗಲಿಯ ಮೇಲಿನವರು ಅವನನ್ನು ಮೆಚ್ಚುಗಣ್ಣಿನಿಂದ ನೋಡುವರಾದರೂ, ಆತನು ತಿರುವಿನಲ್ಲಿ ಮರೆಯಾದೊಡನೆ 'ಮೈಯೇನೋ ಇದೆ, ಓಡೆಂದರೆ ಓಡಲಾರ, ಬಗ್ಗೆಂದರೆ ಬಗ್ಗಲಾರ' ಎಂದು ತೀರ್ಪು ಕೊಟ್ಟುಬಿಡುವುದು ವಾಡಿಕೆ. ಹೀಗೆ ನ್ಯಾಯಪೀಠವನ್ನು ಏರುವವರು ಬಹುಮಟ್ಟಿಗೆ ನನ್ನಂತೆಯೇ ಸಣಕಲು ತೋಳಿನವರು ಎಂಬುದು ಗಮನಾರ್ಹ.

ಆಪಾದನೆಯಲ್ಲಿ ಸತ್ಯಾಂಶವೇ ಇಲ್ಲವೆನ್ನಲಾಗದು. ಮಾಂಸಖಂಡದ ಬಲವು ಅದನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಮುಖದ ವಿಸ್ತೀರ್ಣವನ್ನು ಬಹುಮಟ್ಟಿಗೆ ಅನುಸರಿಸುತ್ತದೆ. ತೂಕವಾದರೋ ಇಡಿಯ ಗಾತ್ರವನ್ನು ಅನುಸರಿಸುತ್ತದೆ. ಆದುದರಿಂದ ಒಬ್ಬ ಮನುಷ್ಯನನ್ನು ಉದ್ದ, ಅಗಲ, ದಪ್ಪ ಮೂರರಲ್ಲಿಯೂ ಇಮ್ಮಡಿಯಾಗಿ ಬೆಳೆಸಿದೆವೆನ್ನಿ, ಅವನ ಬಲ 4 ಪಟ್ಟಾದರೆ ಹೊರೆ 8 ಪಟ್ಟಾಗುತ್ತದೆ. ದೊಡ್ಡ ಪ್ರಾಣಿಗಳ ಎಲುಬುಗಳನ್ನು ಕುರಿತು ಇಂಥದೇ ಲೆಕ್ಕವನ್ನು ಗೆಲಿಲಿಯೊ 1638ರಷ್ಟು ಹಿಂದೆಯೇ ಹಾಕಿದ್ದನು. ತನ್ನ ಮೈಯನ್ನೇ ತಾನು ಹೊತ್ತು ಬಹುದೂರ ಓಡಬೇಕಾದ ಮ್ಯಾರಥಾನ್ ಓಟಗಾರನು ಕಡ್ಡಿಯಂತಿರುವುದಕ್ಕೂ, 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ 60 ಕಿಲೋ ತೂಕದ ವರ್ಗಕ್ಕೆ ಸೇರಿದ ತುರ್ಕಿಯ ನಯೀಂ ಸುಲೇಮಾನೋಗ್ಲು ಎಂಬ ಗಿಡ್ಡ ಆಳು 190 ಕಿಲೋ ಭಾರವನ್ನು ತಲೆಯ ಮೇಲಕ್ಕೆ ಎತ್ತಿ ನಿಲ್ಲಿಸಿದುದಕ್ಕೂ ಈ ಲೆಕ್ಕವೇ ಒಂದು ಕಾರಣ. ಇನ್ನೊಂದು ಕಾರಣ ನರಗಳಲ್ಲಿದೆ. ಹೊಸದಾಗಿ ಸಾಮು ಆರಂಭಿಸಿದವನ ತೋಳು ಮೊದಲ ಕೆಲವು ವಾರಗಳಲ್ಲಿ ಅಷ್ಟೇನೂ ದಪ್ಪಗಾಗದಿದ್ದರೂ ಅವನು ಎತ್ತುವ ಭಾರ ಮಾತ್ರ ಏರುತ್ತಲೇ ಹೋಗುತ್ತದೆ. ಅದುವರೆಗೆ ಸೋಮಾರಿಗಳಾಗಿ ಕುಳಿತಿದ್ದ ಎಳೆಗಳನ್ನು ಒಟ್ಟಿಗೆ ದುಡಿಸುವುದನ್ನು ನರಮಂಡಲವು ಆಗ ಕಲಿಯುತ್ತಿರುತ್ತದೆ.

ಬಲ ಬೇರೆ, ಅಭ್ಯಾಸದ ಚಾತುರ್ಯ ಬೇರೆ ಎಂಬ ವಿವೇಕ ನಮ್ಮ ಹಿರಿಯರಿಗೆ ಚೆನ್ನಾಗಿ ಇದ್ದಿತು. ಮಹಾಭಾರತದ ಗದಾಯುದ್ಧದಲ್ಲಿ ಅರ್ಜುನನು ಇಬ್ಬರಲ್ಲಿ ಯಾರು ಮಿಗಿಲೆಂದು ಕೇಳಿದಾಗ, ಬಲದಲ್ಲಿ ಭೀಮ, ಪರಿಶ್ರಮದ ನೈಪುಣ್ಯದಲ್ಲಿ ದುರ್ಯೋಧನ ಎಂಬರ್ಥದ ಉತ್ತರವನ್ನು ಕೃಷ್ಣನು ಕೊಡುತ್ತಾನೆ. ಕೊಟ್ಟು, ನ್ಯಾಯವಾಗಿ ಕಾದಿದರೆ ಭೀಮನು ಗೆಲ್ಲಲಾರನೆಂದೂ ಸೇರಿಸುತ್ತಾನೆ. ತೊಡೆಗೆ ಬಿದ್ದ ಏಟಿನ ಕಥೆ ಎಲ್ಲರಿಗೂ ತಿಳಿದದ್ದೇ.

ಬರಿಯ ತೂಕಕ್ಕೂ ಒಂದು ಉಪಯೋಗ ಉಂಟು, ಆದರೆ ಅದು ಅಷ್ಟು ಶೋಭಿಸುವ ಉಪಯೋಗವಲ್ಲ. 1910ರಲ್ಲಿ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನ ಎದುರಿಗೆ ನಿಂತ ಪೋಲೆಂಡಿನ ಜ್ಬಿಸ್ಕೋ ಅವನಿಗಿಂತ ಬಹಳ ಭಾರಿಯಾದ ಆಳು. ನಿಂತ ಎನ್ನುವುದಕ್ಕಿಂತ ಮಲಗಿದ ಎನ್ನುವುದು ಸರಿಯಾದೀತು, ಏಕೆಂದರೆ ಎರಡು ಗಂಟೆಗೂ ಮೀರಿದ ಆ ಕುಸ್ತಿಯ ಬಹುಭಾಗವನ್ನು ಆತನು ನೆಲಕ್ಕೆ ಅವಚಿಕೊಂಡೇ ಕಳೆದು, ಜಗ್ಗದೆ, ಪಂದ್ಯವನ್ನು ಸಮನಾಗಿಸಿಕೊಂಡನು. 1928ರಲ್ಲಿ ಪಟಿಯಾಲದಲ್ಲಿ ಅವರಿಬ್ಬರೂ ಮತ್ತೆ ಸೇರಿದಾಗ ಮಲಗಲು ಅವಕಾಶವೇ ದೊರೆಯಲಿಲ್ಲ. ಒಂದು ನಿಮಿಷ ತುಂಬುವ ಮೊದಲೇ ಗಾಮಾ ಅವನನ್ನು ಚಿತ್ತು ಮಾಡಿದನು. ಆ ಗಾಮಾನಾದರೂ ಸಣ್ಣಾಳೇನಲ್ಲ. ಕಂಬದಂಥ ಕತ್ತು, ಅಗಲವಾದ ಎದೆ. ಅಷ್ಟು ದಪ್ಪದ ದೇಹಕ್ಕೆ ಅಷ್ಟು ವೇಗ ಎಲ್ಲಿಂದ ಬಂದಿತು? ಭಾರ ಹೆಚ್ಚಿದಷ್ಟೂ ಮಾಂಸಖಂಡವು ನಿಧಾನವಾಗಿ ಸಂಕುಚಿಸುತ್ತದೆ ಎಂದು ಎ. ವಿ. ಹಿಲ್ ಎಂಬ ವಿಜ್ಞಾನಿ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ನಡೆಸಿ 1938ರಲ್ಲಿ ನಿರೂಪಿಸಿದನು. ಈ ಮಾತನ್ನು ಮಗುಚಿ ನೋಡಿದರೆ ಉತ್ತರ ಅಲ್ಲಿಯೇ ಇದೆ: ಅದೇ ಹೊರೆ ಬಲಶಾಲಿಗೆ ಹಗುರ, ಹಗುರವಾದುದರಿಂದ ಅವನ ಕೈ ಚುರುಕು.

ಇನ್ನು ಬಗ್ಗುವ ವಿಚಾರ. 1940ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ಕೆಲವು ಭಾರ ಎತ್ತುವವರು ತಮ್ಮ ವಿದ್ಯೆಯನ್ನು ಪ್ರದರ್ಶಿಸಿದರು. ಭಾರ ಎತ್ತುವುದರಿಂದ ಮೈ ಬಿಗಿದು ಮರಗಟ್ಟುತ್ತದೆಂದು ದೃಢವಾಗಿ ನಂಬಿದ್ದ ಪೀಟರ್ ಕಾರ್ಪೊವಿಚ್ ಎಂಬ ಪ್ರಾಧ್ಯಾಪಕರು ಎದ್ದುನಿಂತು, ಆ ವರ್ಷದ 'ಮಿಸ್ಟರ್ ಅಮೆರಿಕ' ಆಗಿದ್ದ ಜಾನ್ ಗ್ರಿಮೆಕ್‌ನನ್ನು, ಬೆನ್ನಿನ ನಡುವೆ ತುರಿಸಿಕೊಳ್ಳಬಲ್ಲೆಯಾ ಎಂದು ಕೇಳಿದರು. ಸಭೆ ನಕ್ಕಿತು. ಗ್ರಿಮೆಕ್ ತನಗೆ ತುರಿಕೆಯಿಲ್ಲವೆಂದನಂತೆ. ಆದರೂ ಕೈಯನ್ನು ಹಿಂದಕ್ಕೆ ಒಯ್ದು ತುರಿಸಿ ತೋರಿಸಿದನು, ಮತ್ತೊಂದು ಕೈಯಿಂದಲೂ ತೋರಿಸಿದನು. ಮೊಣಕಾಲು ಮಡಿಸದೆ ಬಗ್ಗಿ ಮೊಣಕೈಗಳನ್ನು ನೆಲಕ್ಕೆ ಮುಟ್ಟಿಸಿದನು. ಕೊನೆಗೆ ಎರಡು ಕಾಲುಗಳನ್ನೂ ಇಕ್ಕೆಲಕ್ಕೆ ಪೂರ್ಣವಾಗಿ ಚಾಚಿ ನೆಲದ ಮೇಲೆ ಕುಳಿತುಬಿಟ್ಟನು. ಪ್ರಾಧ್ಯಾಪಕರ ಹಿರಿತನ ಇರುವುದು ಇದರ ಮುಂದಿನ ಕಥೆಯಲ್ಲಿ. ಅವರು ಮುನಿಸಿಕೊಳ್ಳಲಿಲ್ಲ, ನೆಪ ಹೂಡಲಿಲ್ಲ. ಭಾರ ಎತ್ತುವವರೂ ಎತ್ತದವರೂ ಸರಿಸಮವಾಗಿದ್ದ 600 ಜನರಿಂದ ಒಂದು ಹಿಡಿಕೆಯನ್ನು ಎಷ್ಟು ಬೇಗ ತಿರುಗಿಸಲು ಸಾಧ್ಯವೆಂದು ತಮ್ಮ ಶಿಷ್ಯನೊಡನೆ ಪರೀಕ್ಷಿಸಿ, ಎತ್ತುವವರ ಕೈಯೇ ಹೆಚ್ಚು ಚುರುಕೆಂಬ ಫಲಿತಾಂಶವನ್ನು 1951ರಲ್ಲಿ ಪ್ರಕಟಿಸಿದರು. ತಮ್ಮ ನಂಬಿಕೆಯ ವಿರುದ್ಧ ತಾವೇ ಸಾಕ್ಷಿ ನುಡಿಯುವ ವಿದ್ವಾಂಸರು ಪೈಲ್ವಾನರಿಗಿಂತ ಅಪರೂಪ.

ತೀರ ಉಬ್ಬಿದ ರಟ್ಟೆಯು ಮುಂಗೈಗೆ ತಗುಲಿ ಮೊಣಕೈ ಪೂರ್ತಿ ಮಡಿಯದಂತೆ ಮಾಡುವುದು ಉಂಟು. ಕೀಲನ್ನು ಅರ್ಧದವರೆಗೆ ಮಾತ್ರ ಆಡಿಸಿ ಸಾಮು ಮಾಡುವವನು ಉಳಿದರ್ಧ ಚಲನೆಯನ್ನು ಕಳೆದುಕೊಳ್ಳುವುದೂ ಉಂಟು. ಕೀಲು ತಿರುಗುವಷ್ಟೂ ತಿರುಗಿಸಿ ಬೆಳೆಸಿದ ಮಾಂಸಖಂಡವು ಬಾಗುವುದನ್ನು ಮರೆಯುವುದಿಲ್ಲ. ದಂಡ ಹೊಡೆಯುವವನ ಬೆನ್ನನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ: ಸೊಂಟ ಮೇಲೇರುತ್ತದೆ, ಎದೆ ನೆಲವನ್ನು ಸವರಿಕೊಂಡು ಮುಂದೆ ಜಾರುತ್ತದೆ, ಕತ್ತು ಎತ್ತಿ ಬೆನ್ನು ಹಿಂದಕ್ಕೆ ಕಮಾನಾಗುತ್ತದೆ, ಬಲವೂ ಬಾಗುವಿಕೆಯೂ ಅಲ್ಲಿ ಒಂದೇ ಉಸಿರಿನ ಕೆಲಸ.

ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ. ವಿ. ಅಯ್ಯರ್ ಅವರಿಗೆ ಇದು ಚೆನ್ನಾಗಿ ತಿಳಿದಿದ್ದಿತು. ಗ್ರೀಕ್ ಶಿಲ್ಪಗಳನ್ನು ನೆನಪಿಗೆ ತರುವಂಥ ಮೈಕಟ್ಟಿನ ಆ ಮನುಷ್ಯ ಮಾಂಸಖಂಡಗಳನ್ನು ಬೆಳೆಸುವುದನ್ನು ಕುರಿತೂ ಪುಸ್ತಕ ಬರೆದರು, ಸೂರ್ಯನಮಸ್ಕಾರವನ್ನು ಕುರಿತೂ ಬರೆದರು. ಅವು ಸಾಲದೆಂಬಂತೆ, ನೃತ್ಯಕ್ಕೆ ಹೆಸರಾದ ಹೊಯ್ಸಳ ರಾಣಿ ಶಾಂತಲೆಯನ್ನು ಕುರಿತು ಕನ್ನಡದಲ್ಲಿ ಒಂದು ದೊಡ್ಡ ಕಾದಂಬರಿಯನ್ನೇ ಬರೆದರು. ಮೈ ಗಡುಸಾದೀತು, ಬುದ್ಧಿ ಮಂದವಾದೀತು ಎಂದು ಮಗನನ್ನು ಸಾಮಿಗೆ ಕಳುಹಿಸಲು ಹಿಂಜರಿಯುವ ತಂದೆತಾಯಿಗಳು ಬೇರೆ ನೆಪ ಹುಡುಕಿಕೊಳ್ಳುವುದು ಮೇಲು. ಈಗಿನ ಹಾಲು, ತುಪ್ಪ, ಬಾದಾಮಿಗಳ ಬೆಲೆಯೊಂದೇ ಸಾಕು.